ಅವ್ವನ ಹಣೆಯ ಹಚ್ಚೆ

ಅಪ್ಪಾ,

ನಿನ್ನ ಅನುಮಾನದ ಮಗಳು ಬರೆಯುತ್ತಿದ್ದೇನೆ. ನಗಬೇಡ, ಈ ಗುಣ ನಿನ್ನಿಂದಲೇ ಬಂದದ್ದು. ಕುರುಗೋಡಿನ ಸಂತೆಯಲ್ಲಿ ಒಂದೊಂದೇ ಮೆಣಸಿನಕಾಯಿ ಮುರಿದು ನೋಡಿ ಚೀಲ ತುಂಬಿಸುತ್ತಿದ್ದವನು ನೀನು. ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಅಂಗಡಿಗೆ ಬಟ್ಟೆ ಬಂದರೆ ಬಿಸಿಲಿಗೆ ಹಿಡಿದು, "ಬಣ್ಣ ದಟ್ಟ ಇದ್ದಲ್ಲಿ ಬೆಳಕು ದಾಟಂಗಿಲ್ಲವ್ವಾ, ಕಣ್ಣಿಟ್ಟು ನೋಡು" ಅನ್ನುತ್ತಿದ್ದೆ.

ಅಂಥ ನೀನು ನಿನ್ನ ಹೃದಯದ ಆಪರೇಷನ್‌ಗೆ ಮಾತ್ರ ಒಂದು ಮಾತೂ ಕೇಳದೆ ಹೆಬ್ಬೆಟ್ಟು ಒತ್ತಿದೆ. ಎಚ್ಚರವಾದಾಗ ಕಿಟಕಿಯ ತುಂಬ ಮಧ್ಯಾಹ್ನದ ಬಿಸಿಲಿತ್ತು. "ಕರೆಂಟ್ ಹೋತೇನವ್ವಾ?" ಎಂದು ನೀನು ಕೇಳಿದೆ. "ಹೂಂ, ಈಗ ಬರ್ತೈತಿ" ಅಂದುಬಿಟ್ಟೆ ನಾನು. ಮರುದಿನ ನೀನೇ ಹೋಗಿಬಿಟ್ಟೆ. ಆಪರೇಷನ್ ಹೊತ್ತಿನಲ್ಲಿ ಕಣ್ಣಿಗೆ, ಮಿದುಳಿಗೆ ರಕ್ತ ಕಡಿಮೆಯಾಗಿರಬಹುದು ಅಂದರು. ಇರಬಹುದು ಅಂದರೇನು? ಯಾರೂ ನೋಡುತ್ತಿರಲಿಲ್ಲವೇ? ಇಲ್ಲಾ, ನೋಡಿಯೂ...

ಈಗ ಅವ್ವನ ಸರದಿ ಬಂತು. ಸಿರುಗುಪ್ಪದ ತವರಿಗೆ ಹೋದವಳು ದಮ್ಮು ಹತ್ತಿ ಕುಸಿದಳು. ಹೃದಯದ ಕವಾಟ ಬದಲಿಸಬೇಕು ಅಂದರು. ಈ ಸಲ ನಾನು ಸುಮ್ಮನಿರಲಿಲ್ಲ. ಅರಿವಳಿಕೆ ಕೊಡುವ ಡಾಕ್ಟರಮ್ಮನನ್ನು ಹಿಡಿದು ನಿಲ್ಲಿಸಿ, "ಕಣ್ಣಿಗೆ ರಕ್ತ ಹೊಂಟೈತೋ ಇಲ್ಲೋ ಯಾರು ನೋಡ್ತೀರಿ?" ಅಂದೆ.

"ಕಣ್ಣಿಗಂತ ಬ್ಯಾರೆ ಮಶೀನ್ ಇಲ್ರಿ. ಹಣಿಗೆ ಎರಡು ಪಟ್ಟಿ ಅಂಟಸ್ತೀವಿ. ಅದರ ಬೆಳಕು ಒಳಗ ಹೋಗಿ, ಮಿದುಳಿನ ರಕ್ತದಾಗ ಆಕ್ಸಿಜನ್ ಎಷ್ಟೈತಿ ಅಂತ ತೋರಸ್ತೈತಿ. ಅದು ಇಳಿದ್ರ ತಕ್ಷಣ ಬಿಪಿ ಸರಿ ಮಾಡ್ತೀವಿ. ಕಣ್ಣಿಗೂ ಅದು ಒಳ್ಳೇದ್ರಿ."

ಪಾಠ ಒಪ್ಪಿಸಿದ ಹಾಗಿತ್ತು. ನಾನು ನಂಬಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಆ ಪಟ್ಟಿ ಅಂಟಿಸುವಾಗ ಬಾಗಿಲಲ್ಲೇ ನಿಂತಿದ್ದೆ. ಅವ್ವನ ಎಡಹುಬ್ಬಿನ ಮೇಲಿನ ದೊಡ್ಡ ಹಸಿರು ಹಚ್ಚೆ ನೆನಪಿದೆಯಲ್ಲ, ಹುಡುಗಿಯಾಗಿದ್ದಾಗ ಅವಳಜ್ಜಿ ಚುಚ್ಚಿಸಿದ್ದು? ಎರಡರಲ್ಲಿ ಒಂದು ಪಟ್ಟಿ ಸರಿಯಾಗಿ ಅದರ ಮೇಲೇ ಕೂತಿತು. ನನಗೆ ನಿನ್ನ ಬಟ್ಟೆ, ನಿನ್ನ ಬಿಸಿಲು ನೆನಪಾಯಿತು.

"ಅಲ್ಲಿ ಬ್ಯಾಡ್ರಿ!" ಎಂದು ಕೂಗಿದೆ.

"ಇದರಾಗ ನಿಮಗೇನ್ ತಿಳೀತೈತ್ರಿ?" ನರ್ಸ್ ಸಿಡುಕಿದಳು.

"ಮಶೀನ್ ತಿಳಿಯಂಗಿಲ್ರಿ. ಬಣ್ಣ ತಿಳೀತೈತಿ."

ಗಲಾಟೆ ಕೇಳಿ ಡಾಕ್ಟರಮ್ಮ ಬಂದಳು. ಹಣೆಯನ್ನೇ ಕ್ಷಣ ಹೊತ್ತು ನೋಡಿ, "ಖರೇ ಐತಿ. ಹಚ್ಚಿ ಮ್ಯಾಲಿದ್ರ ತಪ್ಪು ತೋರಸಬಹುದು" ಅಂದು, ಪಟ್ಟಿ ಕಿತ್ತು, ಹಚ್ಚೆಗಿಂತ ಮೇಲೆ, ಬರಿ ಚರ್ಮಕ್ಕೆ ಅಂಟಿಸಿದಳು.

ಆಪರೇಷನ್ ನಡುವೆ ಒಮ್ಮೆ ಆ ಮಶೀನಿನ ಅಂಕಿ ಇಳಿದಿತ್ತಂತೆ, ಕೂಡಲೇ ಸರಿ ಮಾಡಿದರಂತೆ. ನಿಜವೋ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಿದ್ದವನ ಮಗಳು ನಾನು.

ಮರುದಿನ ಬಾಯಿಯ ನಳಿಗೆ ತೆಗೆದ ಮೇಲೆ ಅವ್ವ ಕಣ್ಣು ಬಿಟ್ಟಳು. ನಾನು ಅವಳ ಮುಖದ ಮೇಲೆ ಬಾಗಿದೆ. ಅವಳು ಮುಖ ಕಿವುಚಿದಳು.

"ಹಗಲೊತ್ತಿನಾಗ ಯಾಕ ಲೈಟ್ ಹಚ್ಯಾರ? ಕಣ್ಣು ಕುಕ್ಕತೈತಿ, ಆರ್ಸವ್ವಾ."

ಎದ್ದು ಆರಿಸಿದೆ. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಅತ್ತೆ.

ಅವತ್ತು ಕರೆಂಟ್ ಹೋಗಿರಲಿಲ್ಲ, ಅಪ್ಪಾ.