ಅಪ್ಪನ ದೋಣಿಗೆ ಚಳಿಗಾಲದ ವಿಮೆ

ಸುಪೀರಿಯರ್ ಸರೋವರದ ದಡ, ಮಿಶಿಗನ್
ಫೆಬ್ರವರಿ ೯

ರೆಯ್ನೊ,

‘ಪ್ರೀತಿಯ’ ಅಂತ ಶುರುಮಾಡಲು ಹೋದೆ, ಪೆನ್ನು ಮೊಂಡಾಟ ಮಾಡಿತು. ಇರಲಿ, ಬರೀ ಹೆಸರೇ ಸಾಕು. ನಾನು ಚೆನ್ನಾಗಿದ್ದೇನೆ. ಫ್ಲೋರಿಡಾದ ಬಿಸಿಲಲ್ಲಿ ನೀನೂ ನಿನ್ನ ಡಾರ್ಲೀನಳೂ ಕೆಂಪಗೆ ಬೆಂದಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಕಾಗದ ಬಂತು. ನೀನು ಬಿಟ್ಟುಹೋದ ಹೆಂಡತಿಗೆ ಎಷ್ಟು ಮೆತ್ತಗೆ ಬರೆದಿದ್ದೀಯ! ವಿಮೆಯವರು ಬಂದರೆ, ದೋಣಿ ಶೆಡ್ಡಿನೊಳಗೇ ಇತ್ತು, ಹಿಮದ ಭಾರಕ್ಕೆ ಸೂರು ಕುಸಿದು ಅಡ್ಡಬಿತ್ತು ಅಂತ ಒಂದು ಮಾತು ಹೇಳಿಬಿಡು ಐಲಿ, ಅಂತ. ನಿನ್ನ ಕಾಗದಕ್ಕಿಂತ ಮೊದಲೇ ಅವರು ಬಂದುಹೋದರು. ಏನಾಯಿತು ಹೇಳುತ್ತೇನೆ, ಕೂತು ಓದು.

ಆ ದೋಣಿಯನ್ನು ನನ್ನ ಅಪ್ಪ ದೇವದಾರು ಹಲಗೆ ಜೋಡಿಸಿ ಕೈಯಾರೆ ಕಟ್ಟಿದ್ದು. ನಮ್ಮ ಮದುವೆಯಲ್ಲಿ ಅಳಿಯನ ಮೇಲಿನ ಅಕ್ಕರೆಗೆ ನಿನ್ನ ಹೆಸರಿಗೆ ಮಾಡಿಕೊಟ್ಟ. ವಿಚ್ಛೇದನದ ದಿನ ನಾನು ಕೇಳಿದ್ದು ಅದೊಂದನ್ನೇ. “ಮನೆ ಬೇಕಾದ್ರೆ ಇಟ್ಕೋ, ದೋಣಿ ಕೊಡಲ್ಲ” ಅಂದೆ ನೀನು. ನಿನಗೆ ಮೀನು ಹಿಡಿಯಲೂ ಬರುವುದಿಲ್ಲ. ನಾನು ಅತ್ತಿದ್ದು ನೋಡಿ ಅದರ ಬೆಲೆ ನಿನಗೆ ಗೊತ್ತಾಯಿತು, ಅಷ್ಟೇ.

ಅಕ್ಟೋಬರಿನಲ್ಲಿ ನೀನು ಅದನ್ನು ಚಳಿಗಾಲ ಕಳೆಯುವವರೆಗೆ ಇಡಲು ನನ್ನ ತಮ್ಮ ಉರ್ಹೊನ ದೋಣಿ ಅಂಗಳಕ್ಕೆ ತಂದೆ. ಊರಿಗಿರುವುದು ಅದೊಂದೇ ಅಂಗಳ. ಶೆಡ್ಡಿನ ಬಾಡಿಗೆ ಉಳಿಸಲು ಬಯಲಲ್ಲೇ ನಿಲ್ಲಿಸಿ, ವಿಮೆಯವರಿಗೆ ಮಾತ್ರ ಶೆಡ್ಡಿನೊಳಗಿದೆ ಅಂತ ಹೇಳಿದೆ. ಟಾರ್ಪಾಲಿನ ಹಗ್ಗಗಳನ್ನು ದೋಣಿಗೆ ಆಸರೆ ಕೊಟ್ಟ ಕಬ್ಬಿಣದ ಕಾಲುಗಳಿಗೇ ಬಿಗಿದೆ. “ಏ ರೆಯ್ನೊ, ಕಾಲಿಗೆ ಕಟ್ಬೇಡ. ಗಾಳಿಗೆ ಟಾರ್ಪಾಲು ಉಬ್ಬಿದ್ರೆ ಕಾಲು ಕಿತ್ಕೊಂಡು ಬರುತ್ತೆ. ಹಗ್ಗಾನ ದೋಣಿ ಹೊಟ್ಟೆ ಕೆಳಗಿಂದ ತಂದು ಕಟ್ಟು” ಅಂದೆ ನಾನು. “ನಿಮ್ಮಪ್ಪ ಸತ್ರೂ ನಿನ್ನ ಬಾಯಲ್ಲಿ ಬದುಕಿದಾನೆ ಕಣೇ” ಅಂತ ನೀನು ನಕ್ಕೆ. ಕಾರಿನಲ್ಲಿ ಕೂತಿದ್ದ ಡಾರ್ಲೀನಳೂ ನಕ್ಕಳು.

ನಿಮ್ಮ ಕಾರು ತಿರುವು ದಾಟಿದ ಮೇಲೆ ನಾನು ಗಂಟುಗಳನ್ನೆಲ್ಲ ಬಿಚ್ಚಿ, ಹೊಟ್ಟೆಯ ಕೆಳಗಿನಿಂದ ಹಗ್ಗ ತಂದು ಕಟ್ಟಿದೆ. ಜನವರಿಯ ಬಿರುಗಾಳಿ ಕಿರುಚಾಡಿ ಹೋಯಿತು. ಅಪ್ಪನ ದೋಣಿ ಅಲ್ಲಾಡಲಿಲ್ಲ.

ಹೌದು, ಬೀಳಲೇ ಇಲ್ಲ. “ನಿನ್ನ ದೋಣಿ ಅಡ್ಡಬಿದ್ದಿದೆ” ಅಂತ ನಿನ್ನ ಗೆಳೆಯ ವೈನೊ ಫೋನ್ ಮಾಡಿದನಲ್ಲ, ಹಾಗೆ ಹೇಳಿಸಿದವಳು ನಾನು. ಆಮೇಲೆ ಫೋನಿನ ಪಕ್ಕದಲ್ಲೇ ಕೂತು ಕಾದೆ. “ಐಲಿ, ದೋಣಿಗೆ ಏನಾಯ್ತೇ?” ಅಂತ ನೀನು ಒಮ್ಮೆ ಕೇಳಿದ್ದರೆ ಸಾಕಿತ್ತು, ಆ ಕ್ಷಣವೇ ನಿಜ ಹೇಳಿಬಿಡುತ್ತಿದ್ದೆ. ನೀನು ಫೋನ್ ಮಾಡಿದ್ದು ವಿಮೆಯವರಿಗೆ. ಸೂರು ಕುಸಿದಿದ್ದನ್ನು ಕಣ್ಣಾರೆ ಕಂಡೆ ಅಂತ ಬೇರೆ ಹೇಳಿದೆಯಂತೆ.

ವಿಮೆ ಕಡೆಯಿಂದ ಬಂದವನು ಪಾಪ, ಮೊಣಕಾಲುದ್ದ ಹಿಮ ತುಳಿದುಕೊಂಡು ಬಂದ. “ಅಮ್ಮಾ, ಬಿದ್ದಿರೋ ದೋಣಿ ಎಲ್ಲಿ?” ಅಂದ. “ಇಗೋ, ನಿಂತಿದೆಯಲ್ಲ” ಅಂದೆ. “ಮತ್ತೆ ಕುಸಿದ ಶೆಡ್ಡು?” ಅಂದ. “ಅಗೋ, ಅದೂ ನಿಂತಿದೆ” ಅಂದೆ. ತಲೆ ಕೆರೆದುಕೊಂಡು, “ಈ ಮನುಷ್ಯ ಅಷ್ಟು ದೂರದಿಂದ ಏನನ್ನ ಕಣ್ಣಾರೆ ಕಂಡ?” ಅಂದ. “ನನ್ ಜೊತೆ ಸಂಸಾರ ಮಾಡ್ದಾಗ್ಲೂ ಹಾಗೇ, ಇಲ್ಲದ್ದೇ ಕಾಣ್ತಿತ್ತು ಅವನಿಗೆ” ಅಂದೆ. ಏಲಕ್ಕಿ ಬ್ರೆಡ್ಡು ಅದ್ದಿಕೊಂಡು ಕಾಫಿ ಕುಡಿದ, ಫೋಟೊ ತೆಗೆದುಕೊಂಡ, ಹೋದ. ನಿನ್ನ ವಿಮೆ ರದ್ದಾಯಿತು.

ಉರ್ಹೊನ ಅಂಗಳದ ಕಟ್ಟಳೆ ನಿನಗೂ ಗೊತ್ತು. ಒಂದು ದೋಣಿ ಬಿದ್ದರೆ ಪಕ್ಕದ್ದನ್ನೂ ಕೆಡವುತ್ತದೆ, ಅದಕ್ಕೇ ವಿಮೆ ಇಲ್ಲದ್ದಕ್ಕೆ ಇಲ್ಲಿ ಜಾಗವಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಇನ್ಯಾರು ವಿಮೆ ಕೊಡುತ್ತಾರೆ? ಈ ತಿಂಗಳೊಳಗೆ ಲಾರಿ ತಂದು ದೋಣಿ ಒಯ್ಯು. ಹಿಮ ಕರಗತೊಡಗಿದರೆ ನೆಲ ಮೆತ್ತಗಾಗುತ್ತದೆ, ಭಾರದ ಲಾರಿಗಳನ್ನು ರಸ್ತೆಗೆ ಬಿಡುವುದಿಲ್ಲ. ಆಗದಿದ್ದರೆ ಜೊತೆಗಿಟ್ಟ ಕಾಗದಕ್ಕೆ ಸಹಿ ಹಾಕಿ ದೋಣಿಯನ್ನು ನನ್ನ ಹೆಸರಿಗೆ ಮಾಡು. ಡಾರ್ಲೀನಳನ್ನೂ ಪಕ್ಕಕ್ಕೆ ಕೂರಿಸಿಕೋ, ನಗಲು ಜೊತೆ ಬೇಕಲ್ಲ.

ನನ್ನಪ್ಪನ ಮಗಳು,
ಐಲಿ

ತಾ.ಕ.: ವಿಮೆಯವನು ಹೋದ ಮೇಲೆ ಏಣಿ ಹತ್ತಿ ದೋಣಿಯೊಳಗೆ ಕೂತೆ. ಗೆದ್ದೆ ಅಂತ ಜೋರಾಗಿ ನಗಬೇಕು ಅಂದುಕೊಂಡಿದ್ದೆ. ಒಳಗೆಲ್ಲ ನಿನ್ನ ಹೊಗೆಸೊಪ್ಪಿನ ವಾಸನೆ. ಚಳಿ ನುಗ್ಗಿದರೆ ನುಗ್ಗಲಿ ಅಂತ ಕಿಟಕಿಗಳನ್ನೆಲ್ಲ ತೆರೆದಿಟ್ಟು ಬಂದೆ. ದಿನಾ ಹೋಗಿ ನೋಡುತ್ತೇನೆ. ಆ ವಾಸನೆ ಇನ್ನೂ ಹೋಗಿಲ್ಲ.