ಅಫ್ಕೆಯ 28.7

ಮಾರ್ಚ್ 5, ಗುರುವಾರ

ಆರಕ್ಕೆ ಹೊರಟೆ. ಹೊರಡುವ ಮುನ್ನ ಕರೆಂಟು ಸೈಕಲ್ಲಿನ ಡಿಸ್‌ಪ್ಲೇಯಲ್ಲಿ ಟ್ರಿಪ್ ಬಟನ್ ಒತ್ತಿ ಹಿಂದಿನ ಸವಾರಿಯ ಕಿಲೋಮೀಟರ್ ಸೊನ್ನೆ ಮಾಡಿದೆ, ದಿನದಂತೆ. ಎದುರುಗಾಳಿ. ಬೆಟ್ಟ ಇಲ್ಲದ ನಮ್ಮ ಸೀಮೆಗೆ ಗಾಳಿಯೇ ಬೆಟ್ಟ. ಮೂವತ್ತಾರು ಕಿಲೋಮೀಟರಿಗೆ ಬ್ಯಾಟರಿ ಮುಕ್ಕಾಲು ಖಾಲಿ. ಲೇವಾರ್ಡನ್ ಪಟ್ಟಣ ತಲುಪಿ, ಗ್ರಂಥಾಲಯದ ಹಿಂದಿನ ರಿಪೇರಿ ಕೋಣೆಯಲ್ಲಿ ಅಂಟಿನ ಡಬ್ಬದ ಪಕ್ಕ ಚಾರ್ಜಿಗೆ ಹಾಕಿದೆ. ಇಡೀ ದಿನ ಹರಿದ ಪುಸ್ತಕಗಳ ಬೆನ್ನು ಹೊಲಿದೆ. ಸಂಜೆ ಅದೇ ಗಾಳಿ ಹಿಂದಿನಿಂದ ಬರಬೇಕಿತ್ತಲ್ಲ? ತಿರುಗಿಕೊಂಡಿತ್ತು. ಗಾಳಿಯನ್ನೂ ನಂಬುವ ಹಾಗಿಲ್ಲ.

ಅರವತ್ತಮೂರರ ವಯಸ್ಸಿಗೆ ದಿನಕ್ಕೆ ಎಪ್ಪತ್ತೆರಡು ಕಿಲೋಮೀಟರ್. ಜನ ಹುಚ್ಚ ಅನ್ನುತ್ತಾರೆ. ಅನ್ನಲಿ. ಬಸ್ಸಿನಲ್ಲಿ ಕೂತರೆ ಯೋಚನೆ ಬರುತ್ತದೆ.

ಮಾರ್ಚ್ 8, ಭಾನುವಾರ

ಸಾವಧಾನವಾಗಿ ಬರೆಯಬೇಕು.

ಪ್ರತಿ ಭಾನುವಾರ ಕಾಫಿ ಆದ ಮೇಲೆ ಶೆಡ್‌ಗೆ ಹೋಗಿ ನನ್ನ ಹೆಂಡತಿ ಅಫ್ಕೆಯ ಸೈಕಲ್ಲಿನ ಡಿಸ್‌ಪ್ಲೇ ಒಮ್ಮೆ ಆನ್ ಮಾಡಿ ನೋಡುತ್ತೇನೆ. ಟ್ರಿಪ್: 28.7. ಅವಳ ಕೊನೆಯ ಸವಾರಿ. ಅದನ್ನು ಸೊನ್ನೆ ಮಾಡಿಲ್ಲ. ಒಂದು ವರ್ಷ ಐದು ತಿಂಗಳಿಂದ ಅದು 28.7.

ಇವತ್ತು 41.2.

ಕನ್ನಡಕ ಒರೆಸಿ ನೋಡಿದೆ. 41.2.

ಆ ಅಕ್ಟೋಬರ್ ದಿನ ಚೆನ್ನಾಗಿ ನೆನಪಿದೆ. ಜೋಡಿ ಸೈಕಲ್, ಇಬ್ಬರೂ ಒಂದೇ ದಿನ ಕೊಂಡದ್ದು. ಒಂದೇ ಮಾಡೆಲ್, ಒಂದೇ ನೀಲಿ. ನಮ್ಮೂರಿನ ಅರ್ಧ ದಂಪತಿಗಳು ಹಾಗೆಯೇ ಓಡಾಡುತ್ತಾರೆ, ಅವಳಿ ಮಕ್ಕಳ ಹಾಗೆ. ಸೇತುವೆ ದಾಟಿ ಪ್ಯಾನ್‌ಕೇಕ್ ಅಂಗಡಿಗೆ ಹೋದೆವು. ಕಳ್ಳರ ಭಯಕ್ಕೆ ಇಬ್ಬರೂ ಡಿಸ್‌ಪ್ಲೇ ಕಿತ್ತು ಮೇಜಿನ ಮೇಲೆ ಇಟ್ಟೆವು. ಅವಳು ಬೇಕನ್ ಹಾಕಿದ್ದು ತಿಂದಳು, ನಾನು ಸೇಬಿನದು. ಮೋಡ ಕವಿಯಿತು. ನಾನು ಅವಸರ ಮಾಡಿದೆ. ಒಂದು ಡಿಸ್‌ಪ್ಲೇ ಎತ್ತಿಕೊಂಡು ಮುಂದೆ ಹೊರಟೆ. ಹಿಂದಿನಿಂದ ಏನೋ ಕೂಗಿದಳು, ಗಾಳಿಗೆ ಕೇಳಲಿಲ್ಲ. ಮನೆ ಸೇರಿದಾಗ ಅವಳದು 28.7. ಆ ಗುರುವಾರ ಆಸ್ಪತ್ರೆ. ಆಮೇಲೆ ಎರಡೇ ವಾರ.

ಯಾರೋ ಹನ್ನೆರಡೂವರೆ ಕಿಲೋಮೀಟರ್ ಓಡಿಸಿದ್ದಾರೆ. ಶೆಡ್‌ನ ಕೀಲಿ ಎರಡು. ಒಂದು ನನ್ನದು. ಇನ್ನೊಂದು ಪಕ್ಕದ ಮನೆ ಡೌವನ ಹತ್ತಿರ.

ಮಾರ್ಚ್ 9, ಸೋಮವಾರ

ದಾರಿಯುದ್ದಕ್ಕೂ ಡೌವ. ಮೂವತ್ತು ವರ್ಷದ ನೆರೆಯವ. ಹಿಂದೆ ಒಮ್ಮೆ ನನ್ನ ಏಣಿ ತೆಗೆದುಕೊಂಡು ಹೋಗಿ ಎರಡು ಬೇಸಿಗೆ ಕೊಡಲಿಲ್ಲ. ಅವನ ಕಾರು ಕೆಟ್ಟಿದೆ ಎಂದು ಹೋದ ತಿಂಗಳು ಹೇಳಿದ್ದ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ಎರಡು ವರ್ಷದಲ್ಲಿ ಕಲಿತದ್ದು — ಸರ್ಕಮ್‌ಸ್ಟ್ಯಾನ್ಷಿಯಲ್ ಎವಿಡೆನ್ಸ್. ಇನ್ನೊಂದು ಮಾತಿತ್ತು, ಬೆನಿಫಿಟ್ ಆಫ್ ದಿ ಡೌಟ್. ಅದು ಕಳ್ಳನಿಗೋ, ಕಳಕೊಂಡವನಿಗೋ... ಮರೆತಿದ್ದೇನೆ.

ರಾತ್ರಿ ಊಟಕ್ಕೆ ಮುಂಚೆ ಅವಳ ಸೈಕಲ್ಲಿನ ಮುಂದಿನ ಚಕ್ರ ತಿರುಗಿಸಿ, ಗಾಳಿ ತುಂಬುವ ವಾಲ್ವ್ ಸರಿಯಾಗಿ ಕೆಳಗೆ ಬರುವಂತೆ ನಿಲ್ಲಿಸಿದೆ. ಸೀಟಿನ ಕಂಬಕ್ಕೆ ಪೆನ್ಸಿಲ್ ಗೆರೆ.

ಮಾರ್ಚ್ 15, ಭಾನುವಾರ

53.7. ಮತ್ತೆ ಹನ್ನೆರಡೂವರೆ.

ವಾಲ್ವ್ ಪಕ್ಕಕ್ಕೆ ಬಂದಿದೆ. ಸೀಟು ಒಂದು ಬೆರಳು ಇಳಿದಿದೆ. ಡೌವ ನನಗಿಂತ ಗೇಣು ಎತ್ತರ. ಅವನೇಕೆ ಸೀಟು ಇಳಿಸುತ್ತಾನೆ? ದಾರಿ ತಪ್ಪಿಸಲು. ಅಷ್ಟು ಯೋಚಿಸುವ ಮನುಷ್ಯ ಅವನಲ್ಲ. ಆದರೂ.

ಬೀಗ ಬದಲಿಸಬಹುದು. ಬದಲಿಸಿದರೆ ಯಾರು ಎಂದು ಎಂದೂ ಗೊತ್ತಾಗುವುದಿಲ್ಲ. ಬದಲಿಸುವುದಿಲ್ಲ.

ಮಾರ್ಚ್ 16, ಸೋಮವಾರ

ಸಂಜೆ ಕಾಲುವೆಯ ಎತ್ತುವ ಸೇತುವೆ ಮೇಲೆದ್ದಿತ್ತು, ಮರಳಿನ ದೋಣಿ ದಾಟುತ್ತಿತ್ತು. ಮನೆಯಿಂದ ಇಲ್ಲಿಗೆ ಆರೂಕಾಲು ಕಿಲೋಮೀಟರ್. ಇಲ್ಲಿಗೆ ಬಂದು ವಾಪಸಾದರೆ ಹನ್ನೆರಡೂವರೆ — ನಿಂತಲ್ಲೇ ಹೊಳೆಯಿತು. ಸೇತುವೆ ಕಾಯುವ ಯೋರಿಟ್ ಗೂಡಿನಿಂದ ತಲೆ ಹಾಕಿದ.

"ಏನಪ್ಪಾ ಹಾರ್ಮೆನ್, ಹೊಸ ಹೆಂಡ್ತಿ ಮಾಡ್ಕೊಂಡ್ಯಂತೆ?"

"ಯಾರು ಹೇಳಿದ್ದು?"

"ಯಾರು ಯಾಕೆ ಹೇಳ್ಬೇಕು, ನನಗೇನು ಕಣ್ಣಿಲ್ವಾ? ಬುಧವಾರ ಬೆಳಿಗ್ಗೆ ನಿಮ್ಮ ನೀಲಿ ಸೈಕಲ್ ಬಂತಲ್ಲ. ಹಿಂದೆ ಅಫ್ಕೆಯ ಆ ಹೂವಿನ ಚಿತ್ತಾರದ ಚೀಲ. ಇಲ್ಲಿ ತಂಕ ಬಂದು ನಿಂತು, ನೀರು ನೋಡ್ಕೊಂಡು, ವಾಪಸ್ ಹೋಯ್ತು."

"ಗಂಡಸೋ ಹೆಂಗಸೋ?"

"ಮಳೆ ಕೋಟು, ತಲೆ ಮೇಲೆ ಟೋಪಿ. ಬೆನ್ನು ನೋಡಿ ಜಾತಕ ಹೇಳೋಕೆ ನಾನೇನು ಜೋಯಿಸನಾ?" ಎಂದ. ನನ್ನ ಮುಖ ನೋಡಿ ದನಿ ಇಳಿಸಿದ. "ತಮಾಷೆಗಂದೆ, ಬಿಡು."

ಬುಧವಾರ. ಬರೆದುಕೊಂಡೆ.

ಮಾರ್ಚ್ 19, ಗುರುವಾರ

ಸಂಖ್ಯೆ 66.2. ನಿನ್ನೆ ಮತ್ತೆ ಹೋಗಿದೆ.

ಇಲ್ಲಿನ ಎಲ್ಲರ ಮನೆಯಂತೆ ಪಾಯಿಖಾನೆಯಲ್ಲಿ ಅಫ್ಕೆ ತೂಗುಹಾಕಿದ ಹುಟ್ಟುಹಬ್ಬದ ಕ್ಯಾಲೆಂಡರ್ ಇನ್ನೂ ಇದೆ. ಇವತ್ತು ಡೌವನದು. ಹೋಗದಿದ್ದರೆ ಅನುಮಾನ ಬರುತ್ತದೆ. ಹೋದೆ. ಗೋಡೆಗುಂಟ ಕುರ್ಚಿಗಳ ಸುತ್ತು. ಡೌವನಿಗೆ ಕೈ ಕೊಟ್ಟು ಶುಭಾಶಯ. ಅವನ ಹೆಂಡತಿ ಟ್ರೀನ್‌ಗೆ, "ನಿನ್ನ ಗಂಡನ ಹುಟ್ಟುಹಬ್ಬಕ್ಕೆ ಶುಭಾಶಯ". ಅವನ ತಂಗಿಗೆ, "ಅಣ್ಣನ ಹುಟ್ಟುಹಬ್ಬಕ್ಕೆ". ಪದ್ಧತಿ. ಕಳ್ಳನ ಇಡೀ ವಂಶಕ್ಕೆ ಶುಭ ಕೋರಿ ಕೇಕ್ ತಿಂದೆ.

"ಕಾರು ಸರಿಹೋಯ್ತಾ?" ಕೇಳಿದೆ.

"ಎಲ್ಲಿ ಸರಿಹೋಗುತ್ತೆ. ನಡೆದೇ ಹೋಗ್ತೀನಿ, ಇನ್ನೇನು ಮಾಡೋದು," ಎಂದ ಡೌವ.

"ಸೈಕಲ್ ಇಲ್ವಾ?"

"ನಿನ್ನ ಹಾಗೆ ಕರೆಂಟು ಸೈಕಲ್ ಇಟ್ಕೊಳ್ಳೋಕೆ ನಾನೇನು ಮುದುಕನಾ?" ಎಲ್ಲರೂ ನಕ್ಕರು. ಅವನಿಗೆ ಇವತ್ತು ಎಪ್ಪತ್ತೊಂದು.

"ನನ್ನ ಶೆಡ್ ಕೀಲಿ ನಿನ್ನ ಹತ್ರ ಇದೆ ತಾನೇ?"

"ಇರ್ಬೇಕು. ಕೀಲಿ ಗೀಲಿ ಎಲ್ಲಾ ಟ್ರೀನ್‌ನ ಕೇಳು."

ಟ್ರೀನ್ ಆಗಲೇ ಕಾಫಿ ತರಲು ಎದ್ದಿದ್ದಳು. ಸೊಂಟದ ಆಪರೇಷನ್ ಆದಮೇಲೆ ನಿಧಾನ ಏಳುತ್ತಾಳೆ. ಇವತ್ತು ನಿಧಾನ ಏಳಲಿಲ್ಲ. ಗಮನಿಸಿದೆ. ಗಂಡನನ್ನು ಕಾಪಾಡುತ್ತಿದ್ದಾಳೆ.

ಮಾರ್ಚ್ 25, ಬುಧವಾರ

ಹಲ್ಲಿನ ಡಾಕ್ಟರ ನೆಪ ಹೇಳಿ ರಜೆ ಹಾಕಿದೆ. ಆರಕ್ಕೆ ಎಂದಿನಂತೆ ಟ್ರಿಪ್ ಸೊನ್ನೆ ಮಾಡಿ, ಡೌವನ ಕಿಟಕಿಯ ಮುಂದೆಯೇ ಬೆಲ್ ಬಾರಿಸಿ ಹೊರಟೆ. ಚರ್ಚಿನ ಹಿಂದೆ ಸೈಕಲ್ ನಿಲ್ಲಿಸಿ ಡಿಸ್‌ಪ್ಲೇ ಜೇಬಿಗೆ ಹಾಕಿಕೊಂಡೆ. ಕಾಲುವೆ ಬದಿಯಿಂದ ನಡೆದು ಬಂದು ನನ್ನದೇ ಶೆಡ್‌ನಲ್ಲಿ ಕತ್ತಲಲ್ಲಿ ಕೂತೆ. ಕೈಯಲ್ಲಿ ಗಾಳಿ ಪಂಪು. ಬೇರೇನೂ ಸಿಗಲಿಲ್ಲ.

ನಾಲ್ಕು ಗಂಟೆ ಕೂತೆ. ಹತ್ತೂಕಾಲಿಗೆ ಕೀಲಿ ತಿರುಗಿತು.

ಡೌವ ಅಲ್ಲ. ಟ್ರೀನ್. ಮಳೆ ಕೋಟು, ಟೋಪಿ.

"ಅಯ್ಯೋ ದೇವರೇ," ಎಂದು ಎದೆ ಹಿಡಿದುಕೊಂಡಳು. "ಹಾರ್ಮೆನ್? ನಿನ್ನ ಶೆಡ್‌ನಲ್ಲಿ ನೀನೇ ಕಳ್ಳನ ಹಾಗೆ ಯಾಕೋ ಕೂತಿದ್ದೀಯ?"

"ಕಳ್ಳ ಯಾರು ಅಂತ ಈಗ ಗೊತ್ತಾಯ್ತಲ್ಲ."

"ಕೈಲಿ ಅದೇನು?"

"ಪಂಪು."

"ಹೊಡೆಯೋಕೋ, ಗಾಳಿ ಹಾಕೋಕೋ? ಹಾಕೋದಾದ್ರೆ ಹಿಂದಿನ ಚಕ್ರಕ್ಕೆ ಹಾಕು, ಮೆತ್ತಗಾಗಿದೆ."

ತಿರುಗಿಸಿದ ಬಕೆಟ್ ಮೇಲೆ ಕೂತಳು. ಟೋಪಿ ತೆಗೆದಳು. ಹೇಳಿದಳು —

"ಅಫ್ಕೆ ಹೇಳಿದ್ಲು ಕಣೋ. ಆಸ್ಪತ್ರೆಯಲ್ಲಿ. ವಾರಕ್ಕೊಂದ್ಸಲ ನನ್ನ ಸೈಕಲ್ ಓಡಿಸ್ತಿರು, ಸುಮ್ನೆ ನಿಂತ್ರೆ ಬ್ಯಾಟರಿ ಸತ್ತೋಗುತ್ತೆ ಅಂತ. ಹಾರ್ಮೆನ್ ತಾನೂ ಮುಟ್ಟಲ್ಲ, ಇನ್ನೊಬ್ಬರಿಗೂ ಮುಟ್ಟೋಕೆ ಬಿಡಲ್ಲ, ಅವನಿಗೆ ಹೇಳ್ಬೇಡ ಅಂತ. ನಾನು ಹೂಂ ಅಂದೆ. ಆಮೇಲೆ ನನ್ನ ಸೊಂಟವೇ ಕೈಕೊಡ್ತು. ಸೈಕಲ್ ಹತ್ತು ಅಂತ ಡಾಕ್ಟರ್ ಹೇಳಿದ್ದು ಈ ಫೆಬ್ರವರಿ ಕೊನೇಲಿ. ಕೊಟ್ಟ ಮಾತು, ಏನ್ಮಾಡ್ಲಿ?"

"ಅವಳ ಸಂಖ್ಯೆ ಹಾಳು ಮಾಡ್ದೆ ನೀನು."

"ಯಾವ ಸಂಖ್ಯೆ?"

28.7ರ ವಿಷಯ, ಆ ದಿನದ ಸವಾರಿ, ಅಂಗಡಿ, ಮೇಜು, ಎಲ್ಲ ಹೇಳಿದೆ. ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಇಲ್ಲ. ಟ್ರೀನ್ ಮೂಗು ಒರೆಸಿಕೊಂಡಳು. "ನಾನು ಯಾವ ಬಟನ್ನೂ ಒತ್ತಿಲ್ಲಪ್ಪ. ಅದು ತಾನೇ ಏರ್ಕೊಂಡು ಹೋಗುತ್ತೆ ಅಂತ ನನಗೇನು ಗೊತ್ತು," ಎಂದು ಅಫ್ಕೆಯ ಸೈಕಲ್ಲಿನಿಂದ ಡಿಸ್‌ಪ್ಲೇ ಕಿತ್ತಳು. ಹಿಂದೆ ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದು ಮತ್ತೆ ನೋಡಿದಳು.

"ಇದು ಅವಳದ್ದಲ್ವಲ್ಲೋ."

"ಏನು?"

"ಚುಕ್ಕೆ ಎಲ್ಲಿ? ಹಿಂದುಗಡೆ ಕೆಂಪು ಚುಕ್ಕೆ ಇಟ್ಟಿದ್ಲು. ನನ್ನದೇ ನೇಲ್ ಪಾಲಿಶ್, ನಮ್ಮ ಅಡುಗೆಮನೇಲಿ ಕೂತು. ಎರಡೂ ಒಂದೇ ಥರ ಇದಾವೆ, ಈ ಮನುಷ್ಯ ಕೈಗೆ ಸಿಕ್ಕಿದ್ದು ಎತ್ಕೊಂಡು ಹೊರಟ್ಬಿಡ್ತಾನೆ ಅಂತಿದ್ಲು."

ಜೇಬಿನಿಂದ ನನ್ನದನ್ನು ತೆಗೆದೆ. ತಿರುಗಿಸಿದೆ.

ಚುಕ್ಕೆ. ಅರ್ಧ ಸವೆದಿದೆ. ದಿನಾ ಕೀಳುವಾಗ, ಹಾಕುವಾಗ ನನ್ನ ಬೆರಳು ತಾಗುವ ಜಾಗ.

ಪ್ಯಾನ್‌ಕೇಕ್ ಅಂಗಡಿ. ಮೇಜು. ಅವಸರ. ಅವಳು ಕೂಗಿದ್ದು ಅದನ್ನೇ.

ಅಂದರೆ ಅವಳ ಸಂಖ್ಯೆ ಅಳಿಸಿದ್ದು ಟ್ರೀನ್ ಅಲ್ಲ. ಡೌವ ಅಲ್ಲ. ಆ ಸವಾರಿಯ ಮಾರನೆಯ ಬೆಳಿಗ್ಗೆ, ಸೋಮವಾರ, ಆರಕ್ಕೆ, ಟ್ರಿಪ್ ಬಟನ್ ಒತ್ತಿದ ನಾನು. ಅಫ್ಕೆ ಮಹಡಿಯ ಮೇಲೆ ಇನ್ನೂ ಮಲಗಿದ್ದಳು.

"ಹೋಗಲಿ ಬಿಡೋ," ಎಂದಳು ಟ್ರೀನ್. "ಈ ಡಿಸ್‌ಪ್ಲೇ ಅಂಗಡಿ ತಂಕ ನಿನ್ನ ಸೈಕಲ್ ಮೇಲಿತ್ತು, ವಾಪಸ್ ಬರೋವಾಗ ಅವಳದ್ರ ಮೇಲೆ. ಅರ್ಧನಾದ್ರೂ ಅವಳದೇ ಅಲ್ವಾ?"

ಹಿಂದಿನ ಚಕ್ರಕ್ಕೆ ಗಾಳಿ ಹಾಕಿದೆ. ಅವಳು ಸೇತುವೆಗೆ ಹೋಗಿ ಬಂದಳು.

ಅದೇ ದಿನ, ಸಂಜೆ

ಚರ್ಚಿನ ಹಿಂದಿನಿಂದ ಸೈಕಲ್ ತಂದೆ. ಡೌವನ ಕಿಟಕಿಯ ಮುಂದೆ ಬೆಲ್ ಬಾರಿಸಲಿಲ್ಲ. ಏಣಿಯ ವಿಷಯ ಮಾತ್ರ ಇನ್ನೂ ಮರೆತಿಲ್ಲ.

ಅಫ್ಕೆ ನನಗೆ ಹೇಳದೆ ಟ್ರೀನ್‌ಗೆ ಹೇಳಿದ್ದಾಳೆ. ಇನ್ನೇನೇನು ಹೇಳಿದ್ದಾಳೋ. ಮುಂದಿನ ಬುಧವಾರ ಕೇಳಬೇಕು. ಕೇಳಬಾರದು.

ಚುಕ್ಕೆಯಿರುವ ಡಿಸ್‌ಪ್ಲೇಯಲ್ಲಿ ಇನ್ನೊಂದು ಪುಟ ಇದೆ, ಓಡಿದ ಒಟ್ಟು ಕಿಲೋಮೀಟರಿನದು. ನಾನು ಎಂದೂ ನೋಡಿದವನಲ್ಲ. ನೋಡಿದೆ. 29,614. ಇದನ್ನು ಸೊನ್ನೆ ಮಾಡಲು ಬಟನ್ ಇಲ್ಲ. ಪುಸ್ತಿಕೆ ತೆಗೆದು ಎರಡು ಸಲ ಓದಿದೆ, ಇಲ್ಲ. ಕೊಂಡ ದಿನದಿಂದ ಅವಳು ತುಳಿದದ್ದೆಲ್ಲ ಇದರೊಳಗಿದೆ. ಅದರ ಮೇಲೆ ನನ್ನ ಲೇವಾರ್ಡನ್. ಎಲ್ಲಿಗೆ ಅವಳದು ಮುಗಿದು ಎಲ್ಲಿಂದ ನನ್ನದು ಶುರುವಾಯಿತೋ ಯಾರೂ ಬರೆದಿಟ್ಟಿಲ್ಲ. ಇಂಗ್ಲಿಷಿನಲ್ಲಿ ಒಂದು ಕಾಲ ಇತ್ತು. ಪಾಸ್ಟ್ ಪರ್ಫೆಕ್ಟ್ ಅಲ್ಲ. ಹಿಂದೆ ಶುರುವಾಗಿ ಇನ್ನೂ ನಡೆಯುತ್ತಲೇ ಇರುವುದಕ್ಕೆ... ಹ್ಯಾವ್ ಬೀನ್ ಏನೋ.

ಮಾರ್ಚ್ 26, ಗುರುವಾರ, ಬೆಳಿಗ್ಗೆ ಆರು ಇಪ್ಪತ್ತೈದು, ಸೇತುವೆ

ದೋಣಿ ದಾಟುತ್ತಿದೆ. ನಿಂತೇ ಬರೆಯುತ್ತಿದ್ದೇನೆ. ಗಾಳಿ ಪಕ್ಕದಿಂದ.

ಇವತ್ತು ಸೊನ್ನೆ ಮಾಡಲಿಲ್ಲ. ಹೆಬ್ಬೆರಳು ಬಟನ್ ತನಕ ಹೋಯಿತು, ಅಭ್ಯಾಸ. ನಿಲ್ಲಿಸಿದೆ. ನಿನ್ನೆ ಚರ್ಚಿಗೆ ಹೋಗಿ ಬಂದದ್ದೂ ಸೇರಿ ಟ್ರಿಪ್ 7.0 ತೋರಿಸುತ್ತಿದೆ. ಒಟ್ಟು 29,620. ಇನ್ನು ಮೂವತ್ತು ಕಿಲೋಮೀಟರಿಗೆ ಅದು—

ಯೋರಿಟ್ ಗೂಡಿನಿಂದ ಕೂಗುತ್ತಿದ್ದಾನೆ. "ಹಾರ್ಮೆನ್, ಗೇಟು ತೆಗೆದಾಯ್ತು, ಯಾರಿಗೆ ಕಾಯ್ತಿದ್ದೀಯ?"

ಯಾರಿಗೂ ಇಲ್ಲ ಎಂದು ಹೇಳಬೇಕು, ಆದರೆ—