ಖಾಲಿ ಬಿಟ್ಟ ಸಾಲು

ಬಳಗಾನೂರು
೧೪ ನವೆಂಬರ್ ೨೦೨೫

ದುರುಗೇಶ ಅವರಿಗೆ,

ಕ್ಷೇಮ ಕೇಳಿ ಶುರುಮಾಡುವ ಹಕ್ಕು ಹೆಂಡತಿಯಾಗಿ ನನಗಿನ್ನೂ ಇದೆಯೋ ಇಲ್ಲವೋ, ಆದರೂ ಕೇಳುತ್ತಿದ್ದೇನೆ.

ಎರಡು ವರ್ಷ ಮಾತು ಬಿಟ್ಟಿದ್ದ ನಿಮ್ಮಿಂದ ಮೊನ್ನೆ ಪತ್ರ ಬಂತು. ಹಳೆಯ ಉಪಗ್ರಹ ನಿಲ್ಲುತ್ತದೆಂದು ಪೇಪರಿನಲ್ಲಿ ಓದಿ, ‘ನಿನ್ನ ಕೆಲಸ ಮುಗೀತಲ್ಲ, ಇನ್ನರ ಲಿಂಗಸುಗೂರಿಗೆ ಬಾ’ ಎಂದು ಬರೆದಿದ್ದೀರಿ. ‘ಅವ್ವ ತೀರಿಕೊಂಡ ದಿನ ನೀ ಬರಲಿಲ್ಲ, ಕೆಲಸದ ಸಲುವಾಗಿ ಅಂತ ಗೊತ್ತೈತಿ, ನಾ ಅದನ್ನ ಮರ್ತೀನಿ’ ಎಂದೂ ಬರೆದಿದ್ದೀರಿ. ಆ ಸಾಲನ್ನು ಹಲವು ಸಲ ಓದಿದೆ.

ಕೆಲಸ ಪೂರ್ತಿ ಮುಗಿದಿಲ್ಲ. ಆ ಉಪಗ್ರಹದ ಉಪಕರಣ ಇಪ್ಪತ್ತಮೂರು ವರ್ಷಗಳಿಂದ ಗಾಳಿಯ ಒಂದೊಂದು ಪದರದ ಶಾಖವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿ ಅಳೆಯುತ್ತಿದೆ. ಅದು ತಲೆಯ ಮೇಲೆ ಹಾಯುವ ಹೊತ್ತಿಗೆ ನಾವು ಗದ್ದೆಯ ಅಂಚಿನಿಂದ ಬಲೂನು ಬಿಟ್ಟು, ಅದು ಹೇಳಿದ್ದು ನಿಜವೇ ಎಂದು ನೋಡುತ್ತೇವೆ. ಮೊದಲು ಮಧ್ಯಾಹ್ನ ಒಂದೂವರೆಗೆ ತಪ್ಪದೆ ಬರುತ್ತಿತ್ತು. ದಾರಿ ಸರಿಮಾಡಿಕೊಳ್ಳುವಷ್ಟು ಇಂಧನ ಈಗ ಅದಕ್ಕಿಲ್ಲ. ವರ್ಷದಿಂದ ವರ್ಷಕ್ಕೆ ತಡವಾಗುತ್ತಿದೆ. ಬಲೂನು ಹಿಡಿದು ನಿಲ್ಲುವ ಗುಲ್ಷನ್‌ಬೀ, ‘ಇದೂ ನಮ್ಮ ಮಸ್ಕಿ ಬಸ್ಸಿನಂಗ ಆತು ನೋಡ್ರಿ ಮೇಡಂ’ ಎಂದು ನಗುತ್ತಾಳೆ. ಬೇರೆ ಉಪಗ್ರಹದಲ್ಲಿ ಹೊಸ ಉಪಕರಣ ಬಂದಿದೆ. ಎರಡೂ ಕೆಲಕಾಲ ಒಟ್ಟಿಗೆ ನೋಡಬೇಕು. ಇಲ್ಲದಿದ್ದರೆ ಬದಲಾದದ್ದು ಗಾಳಿಯೋ, ನೋಡುವವರೋ ತಿಳಿಯುವುದಿಲ್ಲ.

ಬಲೂನು ಹಾರದ ದಿನದ ಸಾಲನ್ನು ದಾಖಲೆ ಪುಸ್ತಕದಲ್ಲಿ ಖಾಲಿ ಬಿಡುತ್ತೇವೆ. ಹಿಂದುಮುಂದಿನ ದಿನ ನೋಡಿ ಊಹಿಸಿ ತುಂಬುವಂತಿಲ್ಲ. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಅತ್ತೆ ಒಮ್ಮೆ ಕೇಳಿದ್ದರು, ನೆನಪಿದೆಯೇ? ‘ದಿನಾ ಮ್ಯಾಲೆ ಬಲೂನ್ ಕಳಸ್ತಿ. ನಾ ಮ್ಯಾಲೆ ಹೋಗೂ ದಿನ ಬರ್ತಿಯಿಲ್ಲೋ ಬೇ?’ ಎಲ್ಲರೂ ನಕ್ಕೆವು. ಬರುತ್ತೇನೆ ಎಂದಿದ್ದೆ.

ಇಲ್ಲಿ ಭತ್ತದ ಕೊಯ್ಲು ನಡೆದಿದೆ. ಯಂತ್ರ ನಿಂತಿತೆಂದರೆ ಯಾವ ಸದ್ದೂ ಇರುವುದಿಲ್ಲ. ಬರಬೇಕೆಂದು ನನಗೂ ಇದೆ.

ಇಂತಿ,
ರೇಣುಕಾದೇವಿ

ಸಹಿ ಮಾಡಿದ ಮೇಲೆ:
ನಮ್ಮ ದಾಖಲೆಯಲ್ಲಿ ಅತ್ತೆ ತೀರಿಕೊಂಡ ಆ ದಿನದ ಸಾಲು ಖಾಲಿಯಿದೆ. ಸಿಂಧನೂರಿನಿಂದ ಬಲೂನಿಗೆ ತುಂಬುವ ಗ್ಯಾಸ್ ಸಿಲಿಂಡರ್ ಬಂದಿರಲಿಲ್ಲ; ಬೆಳಿಗ್ಗೆ ಹತ್ತಕ್ಕೇ ಕೆಲಸವಿಲ್ಲವೆಂದು ಗೊತ್ತಾಗಿತ್ತು. ಹನ್ನೊಂದಕ್ಕೆ ನೀವು ಫೋನ್ ಮಾಡಿ, ‘ಅವ್ವಗ ಇನ್ನೂ ಉಸಿರು ಐತಿ, ನಿನ್ನ ಕೇಳಾಕತ್ಯಾಳ, ಲಗೂ ಬಾ’ ಎಂದಿರಿ. ಬಲೂನು ಬಿಡಬೇಕು ಎಂದೆ. ಆಮೇಲೆ ಮಸ್ಕಿಯವರೆಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಲಿಂಗಸುಗೂರಿನ ನಾಲ್ಕು ಬಸ್ಸು ಹೋದವು. ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಇದನ್ನು ಓದಿದ ಮೇಲೂ ಬಾ ಎನ್ನುವುದಾದರೆ, ಇನ್ನೊಮ್ಮೆ ಬರೆಯಿರಿ.